ಪಾಠ ಮುಗಿದ ಮೇಲಿನ ಹತ್ತು ನಿಮಿಷ: ವಿಜ್ಞಾನ ಶಿಕ್ಷಕರು ಅವಲೋಕನ ಪುಸ್ತಕ ಬರೆಯುವುದು ಹೇಗೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕರ ವೃತ್ತಿಪರ ಮಾನದಂಡಗಳನ್ನು ರೂಪಿಸುವ ಹೊಣೆಯನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿಗೆ ವಹಿಸಿತು. ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ವೃತ್ತಿ ಬೆಳವಣಿಗೆಗೆ ಮೀಸಲಿಡಬೇಕೆಂದೂ ಅದು ಅಪೇಕ್ಷಿಸುತ್ತದೆ. ಮಾನದಂಡ ಎಂದೊಡನೆ ಭರ್ತಿ ಮಾಡಬೇಕಾದ ಇನ್ನೊಂದು ನಮೂನೆ ಬಂತೇನೋ ಎಂಬ ಅಳುಕು ಹುಟ್ಟುವುದು ಸಹಜ. ಆ ಅಳುಕನ್ನು ಬದಿಗಿಟ್ಟು, ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ; ಅದೇ ನಿಮ್ಮ ಅವಲೋಕನ ಪುಸ್ತಕ.

ಮೊದಲಿಗೆ, ಒಳ್ಳೆಯ ಶಿಕ್ಷಕರಿಂದ ಮಾನದಂಡ ಬಯಸುವ ಒಂದೇ ಒಂದು ನಿರೀಕ್ಷೆಯನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ. 'ಮಕ್ಕಳು ಮೊದಲೇ ಏನು ನಂಬಿಕೊಂಡು ಬಂದಿದ್ದಾರೆಂದು ತಿಳಿದು ಪಾಠ ಮಾಡುತ್ತೇನೆ' ಎಂಬಷ್ಟು ಸರಳವಾಗಿದ್ದರೆ ಸಾಕು.

ಎರಡನೆಯದಾಗಿ, ತರಗತಿಗೆ ಹೋಗುವ ಮುನ್ನ ನಿಮ್ಮ ಊಹೆಯನ್ನು ದಾಖಲಿಸಿ. ಹತ್ತನೆಯ ತರಗತಿಯ ವಿದ್ಯುತ್ ಪಾಠವನ್ನೇ ನೋಡೋಣ. ಸರಣಿಯಲ್ಲಿ (ಒಂದರ ಹಿಂದೊಂದರಂತೆ) ಜೋಡಿಸಿದ ಎರಡು ಒಂದೇ ಬಗೆಯ ಬಲ್ಬುಗಳಲ್ಲಿ ಯಾವುದು ಹೆಚ್ಚು ಬೆಳಗುತ್ತದೆ ಎಂದು ಕೇಳಿದರೆ, ಮೊದಲ ಬಲ್ಬು ಕರೆಂಟನ್ನು 'ತಿಂದುಬಿಡುವುದರಿಂದ' ಎರಡನೆಯದು ಮಂಕಾಗುತ್ತದೆ ಎನ್ನುವ ಮಕ್ಕಳು ಅನೇಕರಿರುತ್ತಾರೆ. ಓಮನ ನಿಯಮದ ಲೆಕ್ಕವನ್ನು ತಪ್ಪಿಲ್ಲದೆ ಬಿಡಿಸುವವರೂ ಹೀಗೆ ಹೇಳಬಹುದು ಎಂಬುದೇ ಇಲ್ಲಿನ ಸೂಕ್ಷ್ಮ. ಕರೆಂಟನ್ನು ಅಳೆಯುವ ಆಮೀಟರನ್ನು ಮೊದಲ ಬಲ್ಬಿನ ಹಿಂದೆ, ಎರಡು ಬಲ್ಬುಗಳ ನಡುವೆ ಮತ್ತು ಕೊನೆಯಲ್ಲಿ ಇಟ್ಟು ತೋರಿಸಿ. ಮೂರೂ ಕಡೆ ಅಳತೆ ಒಂದೇ ಇರುತ್ತದೆ. (ಟಾರ್ಚ್ ಬಲ್ಬುಗಳು ಒಂದೇ ಪೊಟ್ಟಣದವಾದರೂ ಕೆಲವೊಮ್ಮೆ ಸಮನಾಗಿ ಬೆಳಗುವುದಿಲ್ಲ, ಅವುಗಳ ಜಾಗ ಅದಲುಬದಲು ಮಾಡಿ ಮೊದಲೇ ಪರೀಕ್ಷಿಸದಿದ್ದರೆ ಪ್ರಯೋಗವೇ ತಪ್ಪು ನಂಬಿಕೆಗೆ ಸಾಕ್ಷಿ ನುಡಿದೀತು.)

ಮೂರನೆಯ ಹಂತವೇ ಮುಖ್ಯವಾದುದು. ತರಗತಿ ಮುಗಿದ ದಿನವೇ ಹತ್ತು ನಿಮಿಷ ಕುಳಿತು, ಮಗು ಆಡಿದ ಮಾತನ್ನು ಆಡಿದಂತೆಯೇ ಬರೆಯಿರಿ. 'ಪಾಠ ಪರಿಣಾಮಕಾರಿಯಾಗಿತ್ತು' ಎಂಬ ವಾಕ್ಯದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. 'ಹಾಗಾದರೆ ಸೆಲ್ ಯಾಕೆ ಖಾಲಿಯಾಗುತ್ತದೆ ಸರ್?' ಎಂಬ ಪ್ರಶ್ನೆಯಿಂದ ಪ್ರವಾಹ (ಕರೆಂಟು) ಮತ್ತು ಶಕ್ತಿಯ ವ್ಯತ್ಯಾಸವನ್ನು ನೀವು ಬಿಡಿಸಿ ಹೇಳಿಲ್ಲವೆಂಬುದು ತಿಳಿಯುತ್ತದೆ. ಕೆಲಸದ ನಡುವೆಯೇ ಯೋಚಿಸುವುದು ಬೇರೆ, ಕೆಲಸ ಮುಗಿದ ಮೇಲೆ ಯೋಚಿಸುವುದು ಬೇರೆ ಎಂದು ಅಮೆರಿಕದ ಚಿಂತಕ ಡೊನಾಲ್ಡ್ ಶಾನ್ 1983ರಲ್ಲಿ ವಿವರಿಸಿದ್ದರು; ನೋಟ್‌ಬುಕ್ ಎರಡನೆಯದಕ್ಕೆ ನೆರವಾಗುತ್ತದೆ.

ನಂತರ, ಮುಂದಿನ ತರಗತಿಯಲ್ಲಿ ಬದಲಿಸುವ ಒಂದೇ ಅಂಶವನ್ನು ಅದರ ಕೆಳಗೆ ಬರೆದು, ಬದಲಾವಣೆಯಿಂದ ಏನಾಯಿತೆಂದು ಅದೇ ಪುಟದಲ್ಲಿ ಸೇರಿಸಿ. ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಅಥವಾ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿದ ಸಹೋದ್ಯೋಗಿಯೊಬ್ಬರಿಗೆ ಆ ಪುಟವನ್ನು ಓದಲು ಕೊಡಿ. ತಪಾಸಣೆಗೆ ಒಪ್ಪಿಸುವ ದಾಖಲೆಗಳ ಜೊತೆಗೆ ಮಾತ್ರ ಈ ಪುಸ್ತಕವನ್ನು ಇಡಬೇಡಿ. ಅಲ್ಲಿ ಸೇರಿದ ಮರುದಿನದಿಂದಲೇ ಎಲ್ಲ ಪಾಠಗಳೂ ಪರಿಣಾಮಕಾರಿಯಾಗತೊಡಗುತ್ತವೆ.