ದವಡೆ ಹಲ್ಲು ಹೋದ ಮೇಲೆ: ಗಡಿನಾಡಿನ ದಂತವೈದ್ಯನ ಅನುಭವ

ಕಾಸರಗೋಡಿನ ಒಳನಾಡಿನಲ್ಲಿ, ಬದಿಯಡ್ಕದ ಆಸುಪಾಸಿನಲ್ಲಿ ದಂತವೈದ್ಯನಾಗಿರುವ ನನ್ನ ಬಳಿಗೆ ಬರುವವರ ಬಾಯಲ್ಲಿ ಅತಿ ಹೆಚ್ಚಾಗಿ ಇಲ್ಲದಿರುವುದು ಕೆಳದವಡೆಯ ಮೊದಲನೆಯ ದವಡೆ ಹಲ್ಲು. ಆರನೆಯ ವಯಸ್ಸಿನ ಸುಮಾರಿಗೆ, ಯಾವ ಹಾಲುಹಲ್ಲೂ ಬೀಳದೆ ಅವುಗಳ ಹಿಂದೆ ಮೂಡುವ ಈ ಹಲ್ಲನ್ನು ಅನೇಕ ತಂದೆತಾಯಿಯರು ಹಾಲುಹಲ್ಲೆಂದೇ ತಿಳಿದು, ಹುಳುಕಾದರೂ "ಹೇಗೂ ಬಿದ್ದು ಹೊಸದು ಬರುತ್ತದೆ" ಎಂದು ಬಿಟ್ಟುಬಿಡುತ್ತಾರೆ. ಪ್ರಾಯಕ್ಕೆ ಬರುವಷ್ಟರಲ್ಲಿ ಅದನ್ನು ಕೀಳಿಸಿ ಆಗಿರುತ್ತದೆ. ನಕ್ಕರೆ ಕಾಣುವ ಜಾಗವಲ್ಲವಾದ್ದರಿಂದ ಮತ್ತೆ ಅದರ ಗೊಡವೆಗೆ ಯಾರೂ ಹೋಗುವುದಿಲ್ಲ.

ವರ್ಷಗಳ ನಂತರ ಅವರು ಬರುವ ಹೊತ್ತಿಗೆ ಬಾಯೊಳಗಿನ ಚಿತ್ರ ಬದಲಾಗಿರುತ್ತದೆ. ಹಿಂದಿನ ಹಲ್ಲು ಖಾಲಿ ಜಾಗದ ಕಡೆಗೆ ವಾಲಿರುತ್ತದೆ. ಮೇಲ್ದವಡೆಯ ಎದುರುಹಲ್ಲು ಕಚ್ಚಲು ಜೊತೆಯಿಲ್ಲದೆ ಕೆಳಗಿಳಿದಿರುತ್ತದೆ. ಕಿತ್ತ ಜಾಗದ ಎಲುಬು, ಅದರಲ್ಲೂ ಕೆನ್ನೆಯ ಬದಿಯದು, ಸವೆದು ತೆಳ್ಳಗಾಗಿರುತ್ತದೆ, ಮತ್ತು ಈ ಸವೆತದ ಬಹುಪಾಲು ಮೊದಲ ವರ್ಷದಲ್ಲೇ ಆಗಿ ಹೋಗಿರುತ್ತದೆ. ಆದುದರಿಂದ "ಹಲ್ಲು ಕಟ್ಟಿಸಲು ಎಷ್ಟಾಗುತ್ತದೆ ಡಾಕ್ಟ್ರೇ?" ಎಂದು ಕೇಳಿದವರಿಗೆ ನಾನು ಒಡನೆ ಮೊತ್ತ ಹೇಳುವುದಿಲ್ಲ. ಹೋದ ಹಲ್ಲಿಗಿಂತ ಮುಂಚೆ ಉಳಿದ ಹಲ್ಲುಗಳನ್ನು ನೋಡುತ್ತೇನೆ: ಖಾಲಿ ಜಾಗದ ಹಿಂದೆ ಹಲ್ಲು ಇದೆಯೇ, ಅಕ್ಕಪಕ್ಕದವು ಗಟ್ಟಿಯಾಗಿವೆಯೇ, ಎದುರಿನದು ಎಷ್ಟು ಇಳಿದಿದೆ ಎಂಬುದರ ಮೇಲೆಯೇ ಮುಂದಿನದೆಲ್ಲ ನಿಂತಿದೆ.

ನಮ್ಮ ಊರಿನಲ್ಲಿ ಇದಕ್ಕೂ ಮೊದಲು ಮಾಡಬೇಕಾದ ಒಂದು ಪರೀಕ್ಷೆಯಿದೆ, ಬಾಯಿ ಎಷ್ಟು ತೆರೆಯುತ್ತದೆ ಎಂಬುದು. ವಯಸ್ಕರ ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಸಾಮಾನ್ಯವಾಗಿ ಸುಮಾರು 40 ಮಿಲಿಮೀಟರ್ ಅಂತರ ಸಿಗಬೇಕು, ಅಂದರೆ ಅವರದೇ ಮೂರು ಬೆರಳು ಒಳಗೆ ಹೋಗಬೇಕು. ಎಲೆಯಡಿಕೆ ಅಗಿಯುವ ಕೆಲವರಲ್ಲಿ ಕೆನ್ನೆಯ ಒಳಪದರದ ಅಡಿ ನಾರುನಾರಾಗಿ ಬಿಗಿದು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆ ಆಗಿರುತ್ತದೆ. ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಅಡಿಕೆ ತೋಟದ ಉತ್ಪತ್ತಿಯಲ್ಲೇ ಓದಿದ ನಾನು ಅಡಿಕೆ ತೋಟದವರಿಗೆ ಇದನ್ನು ಹೇಳಬೇಕಾಗುವುದು ಇಬ್ಬರಿಗೂ ಹಿತವಾದ ಮಾತೇನಲ್ಲ, ಆದರೂ ಹೇಳುತ್ತೇನೆ.

ಪೆರ್ಲದ ಕಡೆಯ ಕೃಷಿಕರೊಬ್ಬರನ್ನು ಅವರ ಮಗ ಇಂಪ್ಲಾಂಟ್ (ದವಡೆಯೆಲುಬು ಕೊರೆದು ಲೋಹದ ತಿರುಪು ನೆಟ್ಟು ಅದರ ಮೇಲೆ ಹಲ್ಲು ಕೂರಿಸುವುದು) ಮಾಡಿಸಿಯೇ ಸಿದ್ಧ ಎಂದು ಕರೆತಂದಿದ್ದರು. ತಂದೆಯ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. "ಖರ್ಚಿನ ಚಿಂತೆ ಬೇಡ ಡಾಕ್ಟ್ರೇ" ಎಂದರು ಮಗ. "ಖರ್ಚಿನ ಮಾತಲ್ಲ, ಯಂತ್ರ ಒಳಗೆ ಹೋಗಬೇಕಲ್ಲ" ಎಂದು ನಾನು ಎಲುಬು ಕೊರೆಯುವ ಹ್ಯಾಂಡ್‌ಪೀಸಿಗೆ ಡ್ರಿಲ್ ಸಿಕ್ಕಿಸಿ, ಅದನ್ನು ಚಾಲೂ ಮಾಡದೆ, ತಂದೆಯ ಬಾಯೊಳಗಿಟ್ಟು ತೋರಿಸಿದೆ. ಯಂತ್ರದ ತಲೆ ಮೇಲಿನ ಹಲ್ಲಿಗೆ ತಾಗಿ ನಿಂತಿತು. ಡ್ರಿಲ್ಲಿನ ತುದಿ ನೆಟ್ಟಗೆ ನಿಲ್ಲದೆ ಓರೆಯಾಯಿತು. ಮಗ ಇಣುಕಿ ನೋಡಿದವರು ಮತ್ತೆ ವಾದಿಸಲಿಲ್ಲ. ಇನ್ನೊಂದು ಬದಿಯ ಹಲ್ಲುಗಳು ಗಟ್ಟಿಯಾಗಿದ್ದುದರಿಂದ ಖಾಲಿ ಜಾಗವನ್ನು ಹಾಗೆಯೇ ಬಿಟ್ಟು, ಕೆಳಗಿಳಿದು ವಸಡಿಗೆ ಚುಚ್ಚುತ್ತಿದ್ದ ಮೇಲಿನ ಹಲ್ಲಿನ ಮೊನೆಯನ್ನು ಮಾತ್ರ ಉಜ್ಜಿ ನುಣುಪು ಮಾಡಿ, ಎಲೆಯಡಿಕೆ ಬಿಡಲು ಹೇಳಿ, ಕೆನ್ನೆಯ ತಪಾಸಣೆಗಾಗಿ ಅವರನ್ನು ಬಾಯಿಯ ಶಸ್ತ್ರಚಿಕಿತ್ಸಕರಲ್ಲಿಗೆ ಕಳುಹಿಸಿದೆ.

ಖಾಲಿ ಜಾಗದ ಹಿಂದೆಯೂ ಮುಂದೆಯೂ ಹಲ್ಲಿದ್ದರೆ ಬ್ರಿಜ್, ಅಂದರೆ ಆ ಎರಡಕ್ಕೂ ಕ್ಯಾಪ್ ತೊಡಿಸಿ ನಡುವೆ ಕಟ್ಟುಹಲ್ಲು ಸೇರಿಸುವುದು, ಸಾಧ್ಯ. ಆದರೆ ಎರಡು ಬದಿಯ ಹಲ್ಲುಗಳನ್ನು ಸುತ್ತಲೂ ಅರೆದು ಚಿಕ್ಕದು ಮಾಡಬೇಕು, ಮತ್ತು ಅರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಆ ಹಲ್ಲುಗಳಿಗೆ ಹೇಗೂ ದೊಡ್ಡ ಫಿಲ್ಲಿಂಗ್ ಅಥವಾ ರೂಟ್ ಕೆನಾಲ್ ಆಗಿ ಕ್ಯಾಪ್ ಬೇಕಾಗಿದ್ದರೆ ನಾನು ಬ್ರಿಜ್ಜನ್ನೇ ಮೊದಲು ಸೂಚಿಸುತ್ತೇನೆ. ಎರಡೂ ಯಾವ ಚಿಕಿತ್ಸೆಯೂ ಆಗದ ಗಟ್ಟಿ ಹಲ್ಲುಗಳಾಗಿದ್ದರೆ ನನಗೆ ಮನಸ್ಸು ಬರುವುದಿಲ್ಲ. ಹಿಂದಿನ ಹಲ್ಲು ಬಹಳ ವಾಲಿದ್ದರೆ ಬ್ರಿಜ್ ಕೂರಿಸಲು ಎರಡೂ ಹಲ್ಲುಗಳು ಒಂದೇ ದಿಕ್ಕಿಗೆ ಬರುವುದಿಲ್ಲ. ಕ್ಲಿಪ್ ಹಾಕಿ ಅದನ್ನು ನೆಟ್ಟಗೆ ಮಾಡಿಸುವುದೋ, ರೂಟ್ ಕೆನಾಲ್ ಮಾಡಿ ಹೆಚ್ಚು ಅರೆಯುವುದೋ ಎಂದು ಯೋಚಿಸಬೇಕಾಗುತ್ತದೆ. ಬ್ರಿಜ್ಜಿನ ಅಡಿಯನ್ನು ತೊಳೆಯಲು ಸಣ್ಣ ಬ್ರಶ್ ತೂರಿಸುವುದನ್ನು ಕನ್ನಡಿಯ ಮುಂದೆ ಅವರ ಕೈಯಿಂದಲೇ ಮಾಡಿಸಿ ನೋಡಿದ ಮೇಲಷ್ಟೇ ಮನೆಗೆ ಬಿಡುತ್ತೇನೆ.

ಹಿಂದೆ ಹಲ್ಲೇ ಇಲ್ಲದಿದ್ದರೆ ಬ್ರಿಜ್ಜಿಗೆ ಆ ಕಡೆ ಕಂಬವಿಲ್ಲ. ಆಗ ತೆಗೆದು ಹಾಕುವ ಸೆಟ್ಟು ಅಥವಾ ಇಂಪ್ಲಾಂಟ್. ಅಂಥ ಸೆಟ್ಟಿನ ಮುಂಭಾಗಕ್ಕೆ ಹಲ್ಲಿನ ಆಧಾರ, ಹಿಂಭಾಗಕ್ಕೆ ಬರೇ ವಸಡಿನ ಆಧಾರ. ಅಗಿಯುವಾಗ ವಸಡು ತಗ್ಗುತ್ತದೆ, ಹಲ್ಲು ತಗ್ಗುವುದಿಲ್ಲ, ಹಾಗಾಗಿ ಸೆಟ್ಟು ಅಲುಗಿ, ಕೊಕ್ಕೆ ಹಿಡಿದ ಹಲ್ಲನ್ನೂ ಮೀಟುತ್ತದೆ. ಕೊಬಾಲ್ಟ್ ಕ್ರೋಮಿಯಂ ಲೋಹದಲ್ಲಿ ಎರಕ ಹೊಯ್ದ ಸೆಟ್ಟು ಅಕ್ರಿಲಿಕ್ಕಿನದಕ್ಕಿಂತ ತೆಳುವಾಗಿದ್ದು ಹಲ್ಲುಗಳ ಮೇಲೆ ಸರಿಯಾಗಿ ಕೂರುತ್ತದೆ, ದರ ಮಾತ್ರ ಹೆಚ್ಚು. ಇಷ್ಟಾದರೂ ಕೆಳಗಿನ ಸೆಟ್ಟನ್ನು ಊಟದ ಹೊತ್ತಿಗೆ ಸರಿಯಾಗಿ ತೆಗೆದು ಡಬ್ಬಿಯಲ್ಲಿಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಟೈಟಾನಿಯಂ ಲೋಹ ಎಲುಬಿನೊಡನೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡ ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಇಟ್ಟರು. ನಾನು ಕೆಳದವಡೆಯಲ್ಲಿ ಸಾಮಾನ್ಯವಾಗಿ ಮೂರು ತಿಂಗಳು, ಎಲುಬು ಮೆತ್ತಗಿರುವ ಮೇಲ್ದವಡೆಯ ಹಿಂಭಾಗದಲ್ಲಿ ಅದಕ್ಕಿಂತ ಹೆಚ್ಚು ಕಾದು ಹಲ್ಲು ಕೂರಿಸುತ್ತೇನೆ. ಕೆಳಗೆ ತುಟಿಯ ಸ್ಪರ್ಶಜ್ಞಾನದ ನರ ಹಾದುಹೋಗುವುದರಿಂದ ದವಡೆಯನ್ನು ಮೂರು ಆಯಾಮಗಳಲ್ಲಿ ತೋರಿಸುವ ಸಿಬಿಸಿಟಿ ಎಕ್ಸ್‌ರೇ ಸ್ಕ್ಯಾನಿನಲ್ಲಿ ಅಳೆದು ಕನಿಷ್ಠ 2 ಮಿಲಿಮೀಟರ್ ಅಂತರ ಬಿಡುತ್ತೇನೆ. ಮೇಲ್ದವಡೆಯಲ್ಲಿ ಸೈನಸ್, ಅಂದರೆ ಹಲ್ಲುಗಳ ಮೇಲಿರುವ ಗಾಳಿ ತುಂಬಿದ ಪೊಳ್ಳು, ಕೆಳಗಿಳಿದಿದ್ದರೆ ಎಲುಬು ತುಂಬಿಸುವ ಬೇರೊಂದು ಶಸ್ತ್ರಕ್ರಿಯೆ ಬೇಕಾಗಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರನ್ನು ಕಾಯಿಸುತ್ತೇನೆ. ಎಲುಬು ಟೊಳ್ಳಾಗುವ ಕಾಯಿಲೆಗೆ (ಆಸ್ಟಿಯೊಪೊರೋಸಿಸ್) ಇಂಜೆಕ್ಷನ್ ತೆಗೆದುಕೊಂಡಿದ್ದಾರೆಯೇ ಎಂದು ಮಾತ್ರ ಎರಡೆರಡು ಸಲ ಕೇಳುತ್ತೇನೆ, ಏಕೆಂದರೆ ಅಂಥ ಕೆಲವು ಮದ್ದುಗಳಿಂದ ಶಸ್ತ್ರಕ್ರಿಯೆಯಾದ ಜಾಗದ ದವಡೆಯೆಲುಬು ಮಾಯದೆ ಸಾಯುವುದುಂಟು, ಮತ್ತು ಹಲ್ಲಿನ ಡಾಕ್ಟರಿಗೆ ಅದನ್ನು ಹೇಳಬೇಕೆಂದು ಯಾರಿಗೂ ತೋಚುವುದಿಲ್ಲ.

ಏನನ್ನೂ ಕಟ್ಟದಿರುವುದೂ ಒಂದು ಚಿಕಿತ್ಸೆಯೇ. ಮುಂಹಲ್ಲುಗಳೂ ದವಡೆ ಹಲ್ಲುಗಳ ಮುಂದಿರುವ ಕಿರುದವಡೆ ಹಲ್ಲುಗಳೂ ಸೇರಿ ಮೇಲೆ ಹತ್ತು, ಕೆಳಗೆ ಹತ್ತು ಚೆನ್ನಾಗಿದ್ದರೆ ಅನೇಕರಿಗೆ ಸಾಕಾಗುತ್ತದೆ ಎಂದು ನೆದರ್ಲೆಂಡ್ಸಿನ ದಂತತಜ್ಞ ಕೈಸರ್ 1981ರಲ್ಲೇ ತೋರಿಸಿದ್ದರು. ನಿವೃತ್ತ ಅಧ್ಯಾಪಿಕೆಯೊಬ್ಬರಿಗೆ ಎರಡೂ ಬದಿಯ ದವಡೆ ಹಲ್ಲುಗಳಿರಲಿಲ್ಲ. "ಟೀಚರೇ, ಕುಚ್ಚಲಕ್ಕಿ ಅನ್ನ ಅಗಿಯಲಿಕ್ಕೆ ಕಷ್ಟವುಂಟೋ?" ಎಂದು ಕೇಳಿದೆ. ಅನ್ನಕ್ಕೆ ತೊಂದರೆಯಿಲ್ಲ, ಚಕ್ಕುಲಿ ತಿನ್ನುವ ಆಸೆ ಬಿಟ್ಟು ಕಾಲವಾಯಿತು ಎಂದರು. ದವಡೆಯ ಕೀಲಿನಲ್ಲಿ ನೋವಿರಲಿಲ್ಲ, ಮುಂಹಲ್ಲುಗಳು ಬಿಡಿಸಿಕೊಂಡಿರಲಿಲ್ಲ. ಅಚ್ಚು ತೆಗೆದಿಟ್ಟು, ವರ್ಷಕ್ಕೊಮ್ಮೆ ಬಂದು ಅದರೊಡನೆ ಹೋಲಿಸಿ ನೋಡಿಸಿಕೊಳ್ಳಿ, ಹಲ್ಲುಗಳು ಸರಿಯತೊಡಗಿದರೆ ಆಗ ಯೋಚಿಸೋಣ ಎಂದು ಕಳುಹಿಸಿದೆ.