ಈಜದ ಇ. ಕೋಲೈ ಈಜಿದ ಕಥೆ

ನಮ್ಮ ಲ್ಯಾಬಿನ ಎಂಜಿ1655, ಅಂದರೆ ಇ. ಕೋಲೈ ಬ್ಯಾಕ್ಟೀರಿಯಾದ ಒಂದು ಸ್ಟ್ರೈನ್ (ತಳಿ), ಈಜುತ್ತಿರಲಿಲ್ಲ. ಬ್ಯಾಕ್ಟೀರಿಯಾ ಈಜಬಲ್ಲಷ್ಟು ತೆಳು ಜೆಲ್ಲಿಯಾದ ಸಾಫ್ಟ್ ಅಗಾರ್‌ನಲ್ಲಿ ಚುಚ್ಚಿದ ಜಾಗದಲ್ಲೇ ಅಂಗಿ ಗುಂಡಿಯ ಹಾಗೆ ಕೂತಿರುತ್ತಿತ್ತು. "ಎಫ್‌ಎಲ್‌ಎಚ್‌ಡಿಸಿ ಪ್ಲಾಸ್ಮಿಡ್ ಹಾಕು, ಇಲ್ಲಾಂದ್ರೆ ಬೇರೆ ಸ್ಟ್ರೈನ್ ತರಿಸು" ಅಂದರು ಎಲ್ಲರೂ. ಎಫ್‌ಎಲ್‌ಎಚ್‌ಡಿಸಿ ಅಂದರೆ ಈಜುವ ಬಾಲ ಕಟ್ಟಿಸುವ ಮುಖ್ಯ ಜೀನು, ಪ್ಲಾಸ್ಮಿಡ್ ಅಂದರೆ ಅದನ್ನು ಹೊರಗಿನಿಂದ ಒಳಗೆ ಒಯ್ಯುವ ಡಿಎನ್‌ಎ ಉಂಗುರ. ಜೀನು ಒಳಗೇ ಇದೆ, ಸ್ವಿಚ್ಚು ಮಂದವಾಗಿದೆ ಅಷ್ಟೇ, ಕಾದರೆ ತಾನೇ ಏಳುತ್ತೆ ಅಂದೆ. ನಕ್ಕರು.

ಮೊದಲ ಎರಡು ತಿಂಗಳು ದಂಡ. ಅಗಾರ್ ಶೇ. 0.4 ಹಾಕಿದರೆ ಗಟ್ಟಿ. 0.2ಕ್ಕೆ ಇಳಿಸಿದರೆ ಪ್ಲೇಟು ಎತ್ತುವಾಗಲೇ ಸಾರಿನ ಹಾಗೆ ತುಳುಕಿತು. ಒಂದು ರಾತ್ರಿ ಅಭ್ಯಾಸಬಲದಿಂದ 20 ಪ್ಲೇಟು ತಲೆಕೆಳಗಾಗಿ ಇಟ್ಟುಬಿಟ್ಟೆ. ಬೆಳಿಗ್ಗೆ ಎಲ್ಲ ಮುಚ್ಚಳದಲ್ಲಿ! ಎಷ್ಟೋ ಅಗಾರ್ ಹೀಗೇ ಖಾಲಿಯಾಯಿತು.

ಕೊನೆಗೆ ಕೈ ಹಿಡಿದದ್ದು ಶೇ. 0.25 ಅಗಾರ್, ಟ್ರಿಪ್ಟೋನ್ (ಬ್ಯಾಕ್ಟೀರಿಯಾಕ್ಕೆ ಪ್ರೋಟೀನ್ ಊಟ), ಉಪ್ಪು, 30 ಡಿಗ್ರಿ. ಪ್ಲೇಟು ಎಷ್ಟು ಹೊತ್ತು ಒಣಗಿಸಬೇಕು ಅನ್ನೋದನ್ನು ಮಾತ್ರ ಹೇಳಲ್ಲ, ಅದಕ್ಕೆ ತುಂಬಾ ಪ್ಲೇಟು ಕಳೆದುಕೊಂಡಿದ್ದೇನೆ. ಮರುದಿನ ಬೆಳಿಗ್ಗೆ ಏನೂ ಕಾಣಲಿಲ್ಲ ಅಂತ ಎಸೆಯಬೇಡಿ. ಸುಮಾರು 40 ಗಂಟೆಗೆ ಗುಂಡಿಯ ಒಂದು ಪಕ್ಕದಿಂದ ಬೀಸಣಿಗೆ ಬಿಚ್ಚಿದ ಹಾಗೆ ಮಬ್ಬು ಹರಡಿತು. ಅದರ ತುದಿಯಿಂದ ತೆಗೆದು ಮತ್ತೆ ಚುಚ್ಚಿದೆ. ಮೂರನೇ ಸುತ್ತಿಗೆ 10 ಗಂಟೆಯಲ್ಲೇ 4 ಸೆಂ.ಮೀ. ರಿಂಗು.

"ಕಂಟ್ಯಾಮಿನೇಷನ್" ಅಂದರು. ನಮ್ಮ ಸ್ಟ್ರೈನಿನ ಗುರುತಾದ, ಕ್ಯಾನಮೈಸಿನ್ ಆಂಟಿಬಯಾಟಿಕ್ಕನ್ನು ತಡೆಯುವ ಮಾರ್ಕರ್ ಹಾಗೇ ಇತ್ತು, ಅಂದರೆ ಇದು ನಮ್ಮದೇ. ಎಫ್‌ಎಲ್‌ಎಚ್‌ಡಿಸಿ ಶುರುವಾಗುವ ಮೊದಲಿನ, ಸ್ವಿಚ್ಚು ಇರುವ ಜಾಗಕ್ಕೆ ಪಿಸಿಆರ್ ಹಾಕಿ ಆ ಡಿಎನ್‌ಎ ತುಂಡಿನ ಉದ್ದ ನೋಡಿದೆ. ಈಜಿದ ಆರು ಕಾಲೊನಿಗಳಲ್ಲಿ ನಾಲ್ಕರ ಬ್ಯಾಂಡು ಸುಮಾರು 800 ಬೇಸ್ ದೊಡ್ಡದು. ಸೀಕ್ವೆನ್ಸ್ ನೋಡಿದರೆ ಐಎಸ್1 ಅನ್ನೋ ಜಿಗಿಯುವ ಡಿಎನ್‌ಎ ತುಂಡು ಬಂದು ಕೂತಿದೆ, ಬ್ರೇಕು ಸಡಿಲವಾಗಿದೆ! ಒಂದರಲ್ಲಿ ಐಎಸ್5, ಅದು ಇನ್ನೂ ಉದ್ದ. ಆರನೆಯದರ ಬ್ಯಾಂಡು ಬದಲಾಗಿರಲೇ ಇಲ್ಲ, ಆದರೂ ಈಜುತ್ತದೆ. ಅದಿನ್ನೂ ತಲೆ ತಿನ್ನುತ್ತಿದೆ. ಸೀಕ್ವೆನ್ಸಿಂಗ್‌ಗೆ 5,000 ಆಗಿರಬೇಕು. ಪ್ಲಾಸ್ಮಿಡ್ ದಾರಿ ಹಿಡಿದಿದ್ದರೆ ಅದರ ನಾಲ್ಕು ಪಟ್ಟು.

ನಡುವೆ ಸುಮ್ನೆ ಮೂಲ ಸ್ಟ್ರೈನಿಗೆ ಶೇ. 0.4 ಗ್ಲೂಕೋಸ್ ಹಾಕಿ ಕಾದೆ. ಬೀಸಣಿಗೆ ಇರಲಿ, ಮಬ್ಬೂ ಇಲ್ಲ. ಗ್ಲೂಕೋಸ್ ಸಿಕ್ಕರೆ ಸಿಎಎಂಪಿ ಅನ್ನೋ ಸಂಕೇತದ ಅಣು ಇಳಿಯುತ್ತೆ, ಅದು ಇಳಿದ ಮೇಲೆ ಎಫ್‌ಎಲ್‌ಎಚ್‌ಡಿಸಿಯನ್ನು ಎಬ್ಬಿಸೋರು ಯಾರು, ಅಲ್ವಾ? 42 ಡಿಗ್ರಿಯಲ್ಲೂ ಅದೇ ಗತಿ. ಈಜುವ ಸ್ಟ್ರೈನನ್ನು ಹತ್ತು ದಿನ ಶೇಕರ್‌ನಲ್ಲಿ ಸಬ್‌ಕಲ್ಚರ್ ಮಾಡಿದೆ, ರಿಂಗು ಚಿಕ್ಕದಾಗುತ್ತಾ ಬಂತು. ಫ್ಲಜೆಲ್ಲಾ, ಅಂದರೆ ಈಜುವ ಬಾಲ, ಕಟ್ಟೋದು ದುಬಾರಿ. ಶೇಕರ್‌ನಲ್ಲಿ ಊಟ ಕಾಲ ಬುಡಕ್ಕೇ ಬರುತ್ತೆ, ಈಜೋನಿಗಿಂತ ಕೂತು ತಿನ್ನೋ ಸೋಮಾರಿಯೇ ಜಾಸ್ತಿ ಆಗ್ತಾನೆ.

ಹಾಗಾಗಿ ಈಜುವ ಸ್ಟ್ರೈನಿನ ಮೊದಲ ದಿನದ ಗ್ಲಿಸರಾಲ್ ಸ್ಟಾಕನ್ನೇ ಮೈನಸ್ 80ರಲ್ಲಿ ಇಟ್ಟಿದ್ದೇನೆ. ನಾಲ್ಕು ಟ್ಯೂಬ್ ಇಟ್ಟಿದ್ದೆ. ನಕ್ಕವರಲ್ಲಿ ಇಬ್ಬರು ಬಂದು ಒಂದೊಂದು ಕೇಳಿ ತಗೊಂಡು ಹೋಗಿದ್ದಾರೆ.