ಅಂಕಿ ಮೊದಲು, ಹೆಸರು ಕೊನೆಗೆ: ಟರ್ಮಿನಲ್‌ನಲ್ಲೇ ಬಾರ್ ಗ್ರಾಫ್

ಮುಂಬಯಿಯ ಮಾಟುಂಗದ ಉಡುಪಿ ಹೋಟೆಲೊಂದರ ಬೆಳಗಿನ ಬಿಲ್ಲುಗಳು ಒಂದು ಟೆಕ್ಸ್ಟ್ ಫೈಲಿನಲ್ಲಿವೆ ಎಂದುಕೊಳ್ಳಿ. ಸಾಲಿಗೊಂದು ತಿಂಡಿ, ಮಾರಾಟವಾದಷ್ಟು ಸಾಲು. ಯಾವುದು ಎಷ್ಟು ಹೋಯಿತು ಎಂದು ನೋಡಲು ಎಕ್ಸೆಲ್ ತೆರೆಯಬೇಕಿಲ್ಲ, ಲಿನಕ್ಸ್ ಅಥವಾ ಮ್ಯಾಕ್‌ನ ಟರ್ಮಿನಲ್ ಸಾಕು. ಇಲ್ಲಿ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲೇ: ಸಾರ್ಟ್ ಎಂದರೆ sort (ಸಾಲುಗಳನ್ನು ಕ್ರಮವಾಗಿ ಜೋಡಿಸುತ್ತದೆ), ಯೂನಿಕ್ uniq (ಒಂದೇ ಥರದ ಸಾಲುಗಳನ್ನು ಒಂದಾಗಿಸುತ್ತದೆ), ಆಕ್ awk (ಸಾಲು ಸಾಲಾಗಿ ಓದಿ ಲೆಕ್ಕ ಮಾಡುತ್ತದೆ), ಸೆಡ್ sed (ಅಕ್ಷರ ಬದಲಿಸುತ್ತದೆ). ಬಿಲ್, ಲೆಕ್ಕ ಎರಡೂ ಫೈಲಿನ ಹೆಸರು. ಎನ್‌ಆರ್ ಮತ್ತು ಎಂಡ್ ಎರಡು ಮಾತ್ರ ದೊಡ್ಡಕ್ಷರ, ಉಳಿದದ್ದೆಲ್ಲ ಚಿಕ್ಕಕ್ಷರ.

ಮೊದಲು ಎಣಿಕೆ:

ಸಾರ್ಟ್ ಬಿಲ್ | ಯೂನಿಕ್ -ಸಿ | ಸಾರ್ಟ್ -ಆರ್‌ಎನ್ > ಲೆಕ್ಕ

ಯೂನಿಕ್ ಪಕ್ಕಪಕ್ಕದ ಸಾಲುಗಳನ್ನಷ್ಟೇ ಹೋಲಿಸುತ್ತದೆ. ಮೊದಲ ಸಾರ್ಟ್ ಬಿಟ್ಟರೆ ಇಡ್ಲಿ ಹತ್ತು ಕಡೆ ಹತ್ತು ಸಲ ಬರುತ್ತದೆ. ಫಲಿತಾಂಶದಲ್ಲಿ ಅಂಕಿ ಮೊದಲು, ಹೆಸರು ಆಮೇಲೆ. ಆ ಕ್ರಮವನ್ನು ಹಾಗೇ ಇಟ್ಟುಕೊಳ್ಳಿ, ಕಾರಣ ಮುಂದಿದೆ. ಈಗ ಗ್ರಾಫ್:

ಆಕ್ '{ಬಿ[ಎನ್‌ಆರ್]=$1+0; ಇಫ್(ಬಿ[ಎನ್‌ಆರ್]>ಎಮ್) ಎಮ್=ಬಿ[ಎನ್‌ಆರ್]; $1=""; ಎ[ಎನ್‌ಆರ್]=$0}
ಎಂಡ್{ಫಾರ್(ಐ=1;ಐ<=ಎನ್‌ಆರ್;ಐ++){ಎಸ್=""; ಕೆ=ಬಿ[ಐ]*20/ಎಮ್; ಫಾರ್(ಜೆ=1;ಜೆ<=ಕೆ;ಜೆ++) ಎಸ್=ಎಸ್ "#"; ಪ್ರಿಂಟ್‌ಎಫ್ "%6ಡಿ %ಎಸ್%ಎಸ್\ಎನ್",ಬಿ[ಐ],ಎಸ್,ಎ[ಐ]}}' ಲೆಕ್ಕ

   240 #################### ಫಿಲ್ಟರ್ ಕಾಫಿ
   186 ############### ಇಡ್ಲಿ
   144 ############ ಮಸಾಲೆ ದೋಸೆ
    42 ### ಶೀರಾ
     5  ಬನ್ಸ್

(ಅಂಕಿಗಳು ಉದಾಹರಣೆಗೆ ಮಾತ್ರ.) ಎಮ್‌ನಲ್ಲಿ ಅತಿ ದೊಡ್ಡ ಅಂಕಿ ಕೂತಿರುತ್ತದೆ. ಅದಕ್ಕೆ 20 ಗುರುತು, ಉಳಿದವಕ್ಕೆ ಅದೇ ಪ್ರಮಾಣದಲ್ಲಿ. ಪರದೆ ಅಗಲವಿದ್ದರೆ 20ರ ಬದಲು 50 ಹಾಕಿ.

ಹೆಸರನ್ನು ಎಡಕ್ಕೇಕೆ ಹಾಕಲಿಲ್ಲ? ಇಂಗ್ಲಿಷ್ ಪಾಠಗಳಲ್ಲಿ ಹೆಸರು ಎಡಕ್ಕೇ ಇರುತ್ತದೆ, "%-12ಎಸ್" ಎಂದು ಹನ್ನೆರಡು ಜಾಗ ಕೊಟ್ಟರೆ ಕಂಬಗಳು ನೇರ ನಿಲ್ಲುತ್ತವೆ. ಕನ್ನಡದಲ್ಲಿ ಅದು ನಡೆಯುವುದಿಲ್ಲ. "ಇಡ್ಲಿ" ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ ಅದು ಇ, ಡ, ವಿರಾಮ, ಲ, ಗುಡಿಸು ಎಂದು ಐದು ಸಂಕೇತ. ಯುಟಿಎಫ್-8 ಎಂಬ ಸಂಗ್ರಹ ಕ್ರಮದಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 15. ಉಬುಂಟು ಲಿನಕ್ಸ್‌ನೊಡನೆ ಬರುವ ಮಾಕ್ (mawk, ಆಕ್‌ನ ಒಂದು ರೂಪ) ಬೈಟ್ ಎಣಿಸುತ್ತದೆ, ಹನ್ನೆರಡು ದಾಟಿತೆಂದು ಒಂದೂ ಖಾಲಿ ಜಾಗ ಸೇರಿಸುವುದಿಲ್ಲ. ಗಾಕ್ (gawk, ಇನ್ನೊಂದು ರೂಪ) ಸಂಕೇತ ಎಣಿಸುತ್ತದೆ, ಅದೂ ಕಣ್ಣಿಗೆ ಕಾಣುವ ಅಗಲವಲ್ಲ. ಮೇಲಾಗಿ ಹಲವು ಟರ್ಮಿನಲ್‌ಗಳು ಒತ್ತಕ್ಷರವನ್ನೇ ಸರಿಯಾಗಿ ಕೂರಿಸುವುದಿಲ್ಲ. ಇಷ್ಟೆಲ್ಲ ಗುದ್ದಾಡುವ ಬದಲು ಹೆಸರನ್ನು ಕೊನೆಗೆ ತಳ್ಳಿದರೆ ಎಷ್ಟು ಉದ್ದವಿದ್ದರೂ ಕಂಬ ಅಲುಗುವುದಿಲ್ಲ. "ಫಿಲ್ಟರ್ ಕಾಫಿ"ಯಂಥ ಎರಡು ಪದದ ಹೆಸರೂ ತುಂಡಾಗುವುದಿಲ್ಲ.

ಒಂದೇ ತಿಂಡಿ ಎರಡು ಸಾಲಲ್ಲಿ ಬಂದರೆ ಕೀಬೋರ್ಡಿನತ್ತ ನೋಡಿ. "ದೋ" ಅಕ್ಷರದ ಓತ್ವ ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿ ಸಂಕೇತಗಳ ಜೋಡಣೆಯಾಗಿಯೂ ಇರಬಹುದು. ನೋಡಲು ವ್ಯತ್ಯಾಸವಿಲ್ಲ, ಯೂನಿಕ್‌ಗೆ ಅವು ಬೇರೆ ಬೇರೆ ದೋಸೆ. ಎಣಿಸುವ ಮೊದಲೇ ಫೈಲನ್ನು ಬಿಡಿ ಸಂಕೇತ ಕೂಡಿಸುವ "ಯುಕಾನ್ವ್ -ಎಕ್ಸ್ ಎನಿ-ಎನ್‌ಎಫ್‌ಸಿ" (uconv -x any-nfc) ಮೂಲಕ ಹಾಯಿಸಿದರೆ ಎರಡೂ ಒಂದಾಗುತ್ತವೆ. ಸಾಲಿನ ಕೊನೆಯಲ್ಲಿ ಉಳಿದ ಖಾಲಿ ಜಾಗದ್ದೂ ಇದೇ ಕಿತಾಪತಿ, ಅದನ್ನು ಸೆಡ್‌ನಿಂದ ತೆಗೆಯಿರಿ.

ಗಲ್ಲಾದ ಲೆಕ್ಕವನ್ನು ನೇರವಾಗಿ ಕೊಡುವಾಗ ತೊಂದರೆ ಬೇರೆ. "1,24,500" ಎಂಬುದನ್ನು ಆಕ್ ಬರೀ 1 ಎಂದು ಓದುತ್ತದೆ, ಅಲ್ಪವಿರಾಮದಲ್ಲೇ ನಿಂತುಬಿಡುತ್ತದೆ. ಮುಂದೆ ₹ ಇದ್ದರೆ ಸೊನ್ನೆ. "೪೧೨" ಎಂದು ಕನ್ನಡ ಅಂಕಿಯಲ್ಲಿ ಬರೆದಿದ್ದರೂ ಸೊನ್ನೆಯೇ. ಎಲ್ಲ ಸಾಲೂ ಸೊನ್ನೆಯಾದರೆ ಸೊನ್ನೆಯಿಂದ ಭಾಗಿಸಲಾಗದೆಂದು ಗಾಕ್ ನಿಲ್ಲುತ್ತದೆ, ಅದು ಒಳ್ಳೆಯದೇ. ಒಂದೆರಡು ಸಾಲು ಮಾತ್ರ ಹಾಗಿದ್ದರೆ ಸದ್ದಿಲ್ಲದೆ ತಪ್ಪು ಗ್ರಾಫ್ ಬರುತ್ತದೆ. ಲಿನಕ್ಸ್‌ನಲ್ಲಿರುವ ಗ್ನೂ ಸೆಡ್‌ನಲ್ಲಿ 'ವೈ/೦೧೨೩೪೫೬೭೮೯/0123456789/' ಕೊಟ್ಟು ಅಂಕಿ ಬದಲಿಸಿ, ಅಲ್ಪವಿರಾಮವನ್ನೂ ₹ ಚಿಹ್ನೆಯನ್ನೂ ಅಳಿಸಿ. ವಿಂಡೋಸ್‌ನಿಂದ ಬಂದ ಫೈಲಾದರೆ ಮೊದಲು ಡಾಸ್2ಯುನಿಕ್ಸ್ (dos2unix) ಆಜ್ಞೆ ಕೊಟ್ಟು ಸಾಲಿನ ಕೊನೆಯ ವಿಂಡೋಸ್ ಗುರುತು ತೆಗೆಯಿರಿ.

# ಬದಲು █ ಬೇಕೆಂದರೆ ಆಕ್‌ನೊಳಗೇ ಬದಲಿಸಿ. ಅಕ್ಷರ ಬದಲಿಸುವ ಟಿಆರ್ (tr) ಆಜ್ಞೆ ಬಳಸಬೇಡಿ. ಗ್ನೂ ಟಿಆರ್ ಬೈಟ್ ಲೆಕ್ಕದಲ್ಲಿ ಬದಲಿಸುವುದರಿಂದ ಪರದೆ ತುಂಬ ಕಸ ಬರುತ್ತದೆ.

ಬನ್ಸ್ ಮುಂದೆ ಗುರುತೇ ಇಲ್ಲದ್ದನ್ನು ಗಮನಿಸಿರಬಹುದು. 5 ಗುಣಿಸು 20 ಭಾಗಿಸು 240 ಎಂದರೆ ಅರ್ಧಕ್ಕೂ ಕಡಿಮೆ, ಪೂರ್ತಿ ಒಂದು ತುಂಬದಿದ್ದರೆ ಗುರುತಿಲ್ಲ. ಒಂದೇ ಅಂಕಿ ವಿಪರೀತ ದೊಡ್ಡದಾದರೆ ಉಳಿದವುಗಳ ಗತಿಯೂ ಇದೇ. 2005ರ ಜುಲೈ 26ರ ಮಳೆ ತೆಗೆದುಕೊಳ್ಳಿ: ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ., ಅದೇ ಮುಂಬಯಿಯ ಕೊಲಾಬಾದಲ್ಲಿ ಸುಮಾರು 74. ಇಪ್ಪತ್ತು ಗುರುತಿನ ಗ್ರಾಫಿನಲ್ಲಿ ಕೊಲಾಬಾಕ್ಕೆ ದಕ್ಕುವುದು ಒಂದೇ #. ಅದು ತಪ್ಪಲ್ಲ, ಆ ದಿನ ನಡೆದದ್ದೇ ಹಾಗೆ. ಆದರೆ ಅದೇ ಫೈಲಿನಲ್ಲಿ 10, 15, 30 ಮಿ.ಮೀ. ದಿನಗಳಿದ್ದರೆ ಅವೆಲ್ಲ ಮಾಯ. ಲಾಗ್ ಮಾಪಕ (ಹತ್ತು ಪಟ್ಟಾದರೂ ಒಂದೇ ಹೆಜ್ಜೆ) ಬೇಡ, ಕಂಬದ ಉದ್ದವೇ ಸುಳ್ಳು ಹೇಳುತ್ತದೆ. ಕಂಬವನ್ನು ಸೊನ್ನೆಯ ಬದಲು ನಡುವಿನಿಂದ ಶುರುಮಾಡುವುದಂತೂ ಬೇಡವೇ ಬೇಡ. ಎಮ್‌ಗೆ 100ರಂಥ ಮಿತಿ ಕೊಟ್ಟು, ಮಿತಿ ದಾಟಿದ ಕಂಬವನ್ನು 20ಕ್ಕೇ ಕತ್ತರಿಸಿ, ತುದಿಗೆ >> ಹಾಕಿ. ನಿಜವಾದ ಅಂಕಿ ಎಡಕ್ಕೆ ಹೇಗೂ ಇದೆ.

ದಿನಾಂಕದ ಅಕ್ಷವೂ ಬೇಕೆಂದರೆ ಗ್ನೂಪ್ಲಾಟ್‌ನ ಡಂಬ್ ಟರ್ಮಿನಲ್ ಇದೆ, ಗ್ರಾಫ್ ಬಿಡಿಸುವ ಆ ತಂತ್ರಾಂಶ ಅದರಲ್ಲಿ ಅಕ್ಷರಗಳಿಂದಲೇ ಬಿಡಿಸುತ್ತದೆ. ತಿಂಡಿ ಎಣಿಸಲು ಅಷ್ಟು ದೊಡ್ಡ ಸಾಮಾನು ಯಾಕೆ?

ಯಜಮಾನರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಗ್ರಾಫಿನ ಹಿಂದೆ ಮುಂದೆ ಮೂರು ಮೂರು ``` ಹಾಕಿ. ಇಲ್ಲದಿದ್ದರೆ ಅಕ್ಷರಗಳ ಅಗಲ ಒಂದೊಂದು ಥರ ಆಗಿ ಅಂಕಿಗಳ ಸಾಲು ಓರೆಯಾಗುತ್ತದೆ. ಫೋನಿಗಾದರೆ 20 ಗುರುತು ದಾಟಿಸಬೇಡಿ, ಕಂಬ ಮಡಚಿಕೊಂಡು ಕೆಳಗಿನ ಸಾಲಿಗೆ ಇಳಿಯುತ್ತದೆ.